ಹತ್ತೊಂಬತ್ತು ಎಳೆ

ಮಳೆಗಾಲದ ಮಣಿಪಾಲದಲ್ಲಿ ನಕ್ಷತ್ರದ ಕೆಲಸವೆಂದರೆ
ಕಡಲಿಗಿಳಿಯದ ತಿಂಗಳಲ್ಲಿ ಬಲೆ ನೇಯುವುದು.
ಮಲ್ಪೆಯಲ್ಲಿ ದೋಣಿಗಳು ದಡದ ಮೇಲೆ,
ಇಲ್ಲಿ ನೆಲಮಾಳಿಗೆಯಲ್ಲಿ ನಾನು,
ತೇವ ಹೀರುವ ಎರಡು ಯಂತ್ರ, ಒಂದು ಬಾಲ್ದಿ.
ಗಂಟೆಗೊಮ್ಮೆ ಬಾಲ್ದಿಯ ನೀರು ಚೆಲ್ಲಬೇಕು.
ಅದೂ ಸಂಶೋಧನೆಯೇ ಅನ್ನುತ್ತಾರೆ ಪ್ರೊಫೆಸರ್ ನೊರೊನ್ಹಾ.

ಕೂದಲಿನಷ್ಟು ಗಾಜು.
ಅದರ ನಡುವೆ ಬೆಳಕು ಹಾಯುವ ಓಣಿ
ಕೂದಲಿನ ಹತ್ತರಲ್ಲೊಂದು ಪಾಲು.
ಅಂಥ ಹತ್ತೊಂಬತ್ತನ್ನು ಒಂದು ಕೊಳವೆಗೆ ತುಂಬಿ
ಉರಿಯಲ್ಲಿ ಮೆತ್ತಗಾಗಿಸಿ, ಎಳೆದು, ಎಳೆದು,
ಹತ್ತೊಂಬತ್ತೂ ಒಂದೇ ಅನ್ನುವ ಹಾಗೆ ಕರಗಿಸಬೇಕು.
ಆ ತುದಿಯಲ್ಲಿ ದೂರದರ್ಶಕದ ನಡುಗುವ ಬೆಳಕು,
ಈ ತುದಿಯಲ್ಲಿ ಹತ್ತೊಂಬತ್ತು ಒಳ್ಳೆಯ ಮಕ್ಕಳು.
ಹೆಸರು ಫೋಟೋನಿಕ್ ಲ್ಯಾಂಟರ್ನ್.
ಲಾಟೀನು ಎಂದಾಗ ಮನೆ ಮಾಲಕಿ ಐರಿನ್ ಬಾಯಿಗೆ ಖುಷಿ.
"ಉರಿಯುತ್ತದಾ?"
"ಇಲ್ಲ."
"ಮತ್ತೆ ಎಂತಕ್ಕೆ?"
ಉತ್ತರ ವರದಿಯ ನಾಲ್ಕನೇ ಪುಟದಲ್ಲಿ ಉಂಟು,
ಬಾಯಲ್ಲಿ ಬರುವುದಿಲ್ಲ.

ಆಟಿ ತಿಂಗಳಲ್ಲಿ ಎಳೆ ಬೆಸೆಯುವ ನಮ್ಮ ಯಂತ್ರ ಕೆಟ್ಟಿತು.
ಬಿಡಿಭಾಗ ಜಪಾನಿನಿಂದ, ಹನ್ನೊಂದು ವಾರ.
ಕಡಿಯಾಳಿಯಿಂದ ಯಶೋಧರ ಕೋಟ್ಯಾನ್ ಬಂದ,
ಕೇಬಲ್ ಟಿವಿಯವನು. ಬೈಕಿಗೆ ಕಟ್ಟಿದ ಏಣಿ,
ರೇನ್‌ಕೋಟಿನೊಳಗೆ ಎದೆಗವಚಿದ ಅವನದೇ ಯಂತ್ರ.
ಹಲಸಿನ ಕೊಂಬೆ ಮೇಲೆ ಕೂತು ಬೆಸೆದು ರೂಢಿಯಾದ ಕೈಗೆ
ಅಲುಗದ ನನ್ನ ಮೇಜು ಅತ್ತೆಮನೆಯ ಉಪಚಾರದಂತೆ.
ಉಸಿರು ಕಟ್ಟಿ ನಾನು ಮೂರು ದಿನ ಮಾಡುವುದನ್ನು
ಏನೋ ಗುನುಗುತ್ತಾ ಒಂದು ಮಧ್ಯಾಹ್ನದಲ್ಲಿ ಮುಗಿಸಿದ.
ಹದಿನೆಂಟು.
ಹದಿಮೂರನೆಯದು ಬುಡದಲ್ಲೇ ಸತ್ತಿತ್ತು,
ತಪ್ಪು ನನ್ನದು, ಎಳೆಯುವಾಗ ಸೀನಿದ್ದೆ.
"ನಿಮ್ಮದು ನಕ್ಷತ್ರ, ನಮ್ಮದು ಧಾರಾವಾಹಿ,
ಗಾಜು ಒಂದೇ ಅಲ್ವಾ ಮೇಡಂ?"
ಬಿಲ್ಲಿನಲ್ಲಿ ಎಳೆಗೆ ನೂರೈವತ್ತು. ಸತ್ತದ್ದಕ್ಕೆ ಹಾಕಲಿಲ್ಲ.

ಪರೀಕ್ಷೆಗೆ ಆಕಾಶವೇ ಇಲ್ಲ.
ದೂರದ ಒಂದು ಚುಕ್ಕಿಯಾದರೂ ಸಾಕೆಂದು
ಮಳೆ ಬಿಟ್ಟ ಇಪ್ಪತ್ತು ನಿಮಿಷ, ತಾರಸಿಯಲ್ಲಿ, ಕೊಡೆಯ ಕೆಳಗೆ,
ಕಾಪುವಿನ ದೀಪಸ್ತಂಭದತ್ತ ದೂರದರ್ಶಕ ತಿರುಗಿಸಿದೆವು.
ನಡುವೆ ಗದ್ದೆ, ಹೆದ್ದಾರಿ, ಉಪ್ಪಿನ ಮಬ್ಬು.
ಬಂತು, ಹೋಯಿತು. ಬಂತು, ಹೋಯಿತು.
ದೋಣಿ ಬಂಡೆಗೆ ಬಡಿಯದಿರಲೆಂದು ಹಚ್ಚಿದ್ದು,
ನಮಗಾಗಿ ಅಲ್ಲ. ಆದರೂ
ಪರದೆಯಲ್ಲಿ ಹದಿನೆಂಟು ಗೆರೆ ಒಟ್ಟಿಗೆ ಎದ್ದವು,
ಶಾಲೆಯಲ್ಲಿ ಮಾಸ್ಟ್ರು ಒಳಬಂದ ಹಾಗೆ,
ಒಬ್ಬನ ಜಾಗ ಖಾಲಿ.

ನೂರಕ್ಕೆ ಆರು.
ಬಿದ್ದ ಬೆಳಕಿನಲ್ಲಿ ಆರು ಪಾಲು ದಾಟಿತ್ತು.
ಉಳಿದ ತೊಂಬತ್ತನಾಲ್ಕು ಎಲ್ಲಿ ಸೋರಿತು ಎಂಬುದು
ಇನ್ನೆರಡು ವರ್ಷದ ಕೆಲಸ.
ನನ್ನ ಕರಾರು ಮಾರ್ಚಿಗೆ ಮುಗಿಯುತ್ತದೆ.

ಫೆಬ್ರವರಿಯಲ್ಲಿ ಪೆಟ್ಟಿಗೆ ಕಟ್ಟಿದೆವು, ಲಡಾಖಿನ ಹಾನ್ಲೆಗೆ.
ಅಲ್ಲಿ ತೇವವಿಲ್ಲ, ಬಾಲ್ದಿ ಬೇಡ, ನಾನೂ ಬೇಡ,
ವಿಮಾನದ ದುಡ್ಡು ಒಬ್ಬರಿಗೇ.
ಪ್ರಬಂಧದ ಕೊನೆಗೆ ಕೃತಜ್ಞತೆಯಲ್ಲಿ
ಕೇಬಲಿನವನ ಹೆಸರು ಯಾಕೆ ಎಂದು ಸಹಲೇಖಕರು ಕೇಳಿದ್ದಾರೆ.
ಹಾಗೇ ಇರಲಿ ಎಂದು ಬರೆದೆ.
ಮೊಳೆ ಹೊಡೆದು ಹೊರಬಂದರೆ
ಇಡೀ ಮಳೆಗಾಲ ಮುಖ ತೋರಿಸದವೆಲ್ಲ
ನೆತ್ತಿಯ ಮೇಲೆ, ಒಂದೂ ಬಿಡದೆ.

ಆಗಲೇ ಫೋನು: ಕಡಿಯಾಳಿಯಲ್ಲಿ ಲಾರಿ ತಾಗಿ ತಂತಿ ಹರಿದಿದೆ,
ಅವನ ಗಾಜು ಕತ್ತರಿಸುವ ಅಲಗು ಮೊಂಡು,
ನಿಮ್ಮದು ಒಂದು ಗಳಿಗೆ ಕೊಡ್ತೀರಾ?
ಹೋದೆ. ಏಣಿಯ ಬುಡದಲ್ಲಿ ನಿಂತು ಟಾರ್ಚ್ ಹಿಡಿದೆ.
"ಸ್ವಲ್ಪ ಎಡಕ್ಕೆ," ಎಂದ ಮೇಲಿಂದ,
"ಅಲುಗಾಡಿಸಬೇಡಿ."